ಹೊರಗಾದವಳ ಕೈಯ ಚಾಕು

ನನ್ನ ಸೊಂಟದಲ್ಲಿ ಇವತ್ತಿಗೂ ಒಂದು ಮಡಚುವ ಚಾಕು ಇರುತ್ತದೆ. ಮದುವೆ ಮನೆಗೂ ಅದು ನನ್ನ ಜೊತೆ ಬರುತ್ತದೆ, ಸಾವಿನ ಮನೆಗೂ ಬರುತ್ತದೆ. ಹೆಂಗಸಿಗೆ ಚಾಕು ಯಾಕಂತೆ ಎಂದು ಬಸ್ಸಿನಲ್ಲಿ ಪಿಸುಗುಟ್ಟುವವರು ಈಗಲೂ ಇದ್ದಾರೆ. ಯಾರಿಗೆ ಕಿರಿಕಿರಿಯೋ ಅವರು ಎದ್ದು ಬೇರೆ ಸೀಟಿಗೆ ಹೋಗಲಿ, ನಾನಂತೂ ತೆಗೆದಿಡುವವಳಲ್ಲ. ಅದು ನನಗೆ ಸುಮ್ಮನೆ ಸಿಕ್ಕಿದ್ದಲ್ಲ.

ಮೊದಲು ಅದು ಅಪ್ಪನದು. ಎಪ್ಪತ್ತರ ದಶಕದಲ್ಲಿ ನಾವಿದ್ದದ್ದು ಶಿಕಾರಿಪುರ ತಾಲ್ಲೂಕಿನಲ್ಲಿ, ತಾಳಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಊರೂರು ತಿರುಗಿ ಮಾವಿಗೆ ಕಸಿ ಕಟ್ಟುತ್ತಿದ್ದ. ಶಿರಾಳಕೊಪ್ಪದ ಕುಲುಮೆಯ ಸಾಬರೊಬ್ಬರು ಲಾರಿಯ ಹಳೇ ಸ್ಪ್ರಿಂಗ್ ಪಾಟಾ ಬಡಿದು ಮಾಡಿಕೊಟ್ಟ ಅಲಗು, ಎಮ್ಮೆಕೊಂಬಿನ ಹಿಡಿ. ಅದರ ಭಾರಕ್ಕೆ ಅಪ್ಪನ ಬನಿಯನ್ನಿನ ಜೇಬು ಯಾವಾಗಲೂ ಜೋಲುತ್ತಿತ್ತು. ಅಡಿಕೆ ಹೋಳು ಮಾಡುವುದು, ಹೊಗೆಸೊಪ್ಪು ಕತ್ತರಿಸುವುದು, ನನ್ನ ಪೆನ್ಸಿಲ್ ಚೂಪು ಮಾಡುವುದು ಎಲ್ಲ ಅದರಲ್ಲೇ. ಕಸಿಯ ದಿನ ಮಾತ್ರ ಅಲಗನ್ನು ಚರ್ಮದ ತುಂಡಿನ ಮೇಲೆ ಮಸೆದು, ಬಿಸಿನೀರಿನಲ್ಲಿ ತೊಳೆದು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತ ವರ್ಷ ಅಪ್ಪನ ಬಲಗೈಗೆ ನಡುಕ ಬಂತು. ಕಸಿಯಲ್ಲಿ ಅಲಗು ಕೂದಲೆಳೆಯಷ್ಟು ಆಳ ಹೋದರೂ ಗಿಡ ಕೆಟ್ಟಂತೆಯೇ. ಚಾಕು ಇನ್ನು ದೊಡ್ಡಪ್ಪನ ಮಗನಿಗೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಯೂ ಆಗಿತ್ತು. ಅವನೋ, ಬಾಳೆಹಣ್ಣನ್ನೂ ನೆಟ್ಟಗೆ ಸುಲಿಯಲು ಬಾರದ ಮಹಾಶಯ! ನಾನು ಅಪ್ಪ ಮಲಗಿದ ಮಧ್ಯಾಹ್ನಗಳಲ್ಲಿ ಚಾಕು ಕದ್ದು, ಹಿತ್ತಲಿನ ಕಾಡುಮಾವಿನ ಸಸಿಗಳ ಮೇಲೆ ಕೈ ಪಳಗಿಸಿಕೊಂಡಿದ್ದೆ. ಒಂದು ದಿನ ಅಪ್ಪನ ಮುಂದೆ ನಿಂತು, ಚಾಕು ನನಗೆ ಬೇಕು ಎಂದೆ. ಅಪ್ಪ ನನ್ನ ಕೈ ಹಿಡಿದು, ತಿರುಗಿಸಿ ನೋಡಿದ. ಸೊರಬದ ಕಡೆಯದೊಂದು ಕೆಲಸ ಒಪ್ಪಿಕೊಂಡಿದ್ದೇನೆ, ಅದನ್ನು ನೀನು ಕಟ್ಟು, ಕಸಿ ಹಿಡಿದರೆ ಚಾಕು ನಿನ್ನದು, ಹಿಡಿಯದಿದ್ದರೆ ಅವನದು, ಆಮೇಲೆ ಈ ಮಾತು ಎತ್ತಕೂಡದು ಎಂದ.

ಆ ಕೆಲಸವಿದ್ದದ್ದು ಕುಬಟೂರಿನಿಂದ ಆಚೆ, ಹಳ್ಳದ ದಂಡೆಯ ಮೇಲಿನ ಒಂದು ಅಪ್ಪೆಮಿಡಿ ಮಾವಿನ ಮರದಲ್ಲಿ. ಆ ಮರದ ಮಿಡಿಯ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ ಎಂದು ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಆದರೆ ದಂಡೆ ಕುಸಿದು ಅರ್ಧ ಬೇರು ಹೊರಗೆ ಬಿದ್ದಿತ್ತು, ಇನ್ನೊಂದು ಮಳೆಗಾಲ ತಡೆಯುವ ಹಾಗಿರಲಿಲ್ಲ. ಮರ ಬೀಳುವ ಮೊದಲು ಅದರ ಗಿಡ ಮಾಡಿಕೊಡಿ ಎಂದು ಮರದ ಯಜಮಾನರು ಹೇಳಿಕಳಿಸಿದ್ದರು. ಕುಡಿಕೆಯಲ್ಲಿ ಬೆಳೆಸಿದ ಕಾಡುಮಾವಿನ ಸಸಿಯನ್ನು ಮರದ ಕೊಂಬೆಗೆ ಕಟ್ಟಿ, ಎರಡರ ತೊಗಟೆಯನ್ನೂ ಕೆತ್ತಿ, ಗಾಯಕ್ಕೆ ಗಾಯ ಕೂಡಿಸಿ ಬಾಳೆನಾರು ಬಿಗಿಯಬೇಕು. ಎರಡೂವರೆ ತಿಂಗಳಲ್ಲಿ ಅವೆರಡೂ ಒಂದಾದರೆ, ಕೊಂಬೆಯನ್ನು ತಾಯಿಮರದಿಂದ ಕತ್ತರಿಸಿ ಹೊಸ ಗಿಡ ಇಳಿಸಿಕೊಳ್ಳುವುದು.

ಗಣೇಶನ ಹಬ್ಬ ಕಳೆದು, ಮಳೆ ಸಣ್ಣಗಾದ ಮೇಲೆ ಹೊರಡುವುದೆಂದಾಯಿತು. ಆ ದಿನಕ್ಕೆ ನಾನು ಹೊರಗಾಗಿ ಮೂರನೇ ದಿನ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಮುಟ್ಟಾದವಳು ಮುಟ್ಟಿದರೆ ವೀಳ್ಯದ ಬಳ್ಳಿಯೇ ಒಣಗುತ್ತದಂತೆ, ಉಪ್ಪಿನಕಾಯಿ ಬೂಷ್ಟು ಹಿಡಿಯುತ್ತದಂತೆ, ಇನ್ನು ಕಸಿ ಉಳಿದೀತೇ ಎಂದು ಕೇಳಿದಳು. ಎರಡು ದಿನ ತಡೆದು ಹೋಗಬಹುದಿತ್ತು, ನಾನೇ ಒಪ್ಪಲಿಲ್ಲ. ಇವತ್ತು ತಡೆದರೆ ಈ ಕೆಲಸದಲ್ಲಿ ತಿಂಗಳಿಗೆ ಮೂರು ದಿನ ಜೀವಮಾನವಿಡೀ ತಡೆಯಬೇಕು, ಆಗ ಚಾಕು ದೊಡ್ಡಪ್ಪನ ಮಗನಿಗೇ ಹೋಗುವುದು ನ್ಯಾಯ ಎಂದೆ. ಅಪ್ಪ ಕುಡಿಕೆಗಳ ಬುಟ್ಟಿ ಎತ್ತಿಕೊಂಡು ಹೊರಗೆ ಬಂದ.

“ಗಿಡಕ್ಕೆ ಬೇಕಾಗಿರದು ನಡುಗದ ಕೈ. ನಡಿ ಮಗಾ, ಬಸ್ಸು ತಪ್ಪತೈತಿ.”

ಎಂಟು ಕಸಿ ಕಟ್ಟಿದೆ. ನಾಲ್ಕು ಕೈಗೆಟುಕುವ ಕೊಂಬೆಗಳಿಗೆ, ನಾಲ್ಕು ಮರ ಹತ್ತಿ ಮೇಲಿನವಕ್ಕೆ. ಅಪ್ಪ ಕೆಳಗೆ ನಿಂತು ಒಂದೊಂದೂ ಕಟ್ಟು ನೋಡಿದ, ಯಾವುದನ್ನೂ ಬಿಚ್ಚಿಸಲಿಲ್ಲ. ಮಧ್ಯಾಹ್ನ ಯಜಮಾನರ ಮನೆಯ ಜಗಲಿಯಲ್ಲಿ ಊಟಕ್ಕೆ ಕೂತೆವು. ಬಡಿಸಲು ಬಂದ ಯಜಮಾನರ ತಾಯಿ, ಎಪ್ಪತ್ತರ ಮೇಲಿನ ಅಜ್ಜಿ, ಹೂ ಮುಡಿಯದ, ನೀರು ಕಾಣದ ನನ್ನ ತಲೆ ನೋಡಿ, ಹೊರಗಾಗಿದ್ದೀಯೇನೆ ಎಂದು ನೇರವಾಗಿ ಕೇಳಿಬಿಟ್ಟಳು. ಇಲ್ಲ ಎನ್ನಲು ನಾಲಿಗೆಗೆ ಏನೂ ಕಷ್ಟವಿರಲಿಲ್ಲ. ಆದರೆ ಕೆಲಸ ಮಾಡಿ ಕದ್ದವಳ ಹಾಗೆ ಯಾಕೆ ಕೂರಬೇಕು? ಹೌದಜ್ಜಿ, ಇವತ್ತಿಗೆ ಮೂರು ದಿನ ಎಂದೆ.

ಇಡೀ ಮನೆಯೇ ಕೆಂಡವಾಯಿತು. ಯಜಮಾನರು ಅಪ್ಪನಿಗೆ ಬಾಯಿಗೆ ಬಂದಂತೆ ಬೈದರು, ಈಗಲೇ ಎಲ್ಲ ಬಿಚ್ಚಿಕೊಂಡು ಹೋಗು ಎಂದರು. ಬಿಚ್ಚಿದರೆ ಕೆತ್ತಿದ ಕೊಂಬೆಗಳೂ ಒಣಗುತ್ತವೆ, ದೀಪಾವಳಿ ಕಳೆಯುವವರೆಗೆ ಆಳು ಹತ್ತಿಸಿ ಎಲ್ಲಕ್ಕೂ ನೀರು ಹಾಕಿಸಿ ನೋಡಿ ಎಂದು ಅಪ್ಪ ಕೈ ಮುಗಿದು ಕೇಳಿಕೊಂಡ. ಅಪ್ಪ ಕೈ ಮುಗಿದದ್ದನ್ನು ನೋಡಿ ನಾನು ಎಲೆ ಮಡಚಿದೆ. ಅರ್ಧ ಊಟಕ್ಕೇ ಎದ್ದು ಬಂದೆವು.

ದೀಪಾವಳಿ ಕಳೆದು ಮತ್ತೆ ಹೋದಾಗ ದೊಡ್ಡಪ್ಪನ ಮಗನೂ ಜೊತೆಗೆ ಬಸ್ಸು ಹತ್ತಿದ್ದ, ಚಾಕು ಇಸಿದುಕೊಳ್ಳಲು. ಮರದ ಹತ್ತಿರ ಹೋಗಿ ನೋಡುತ್ತೇನೆ, ಕೆಳಗಿನ ನಾಲ್ಕೂ ಸಸಿಗಳು ಒಣಗಿ ಕಡ್ಡಿಯಾಗಿದ್ದವು. ಯಜಮಾನರು, ಅವತ್ತೇ ಹೇಳಲಿಲ್ಲವೇ ಎಂದು ಅಪ್ಪನ ಮುಖ ನೋಡಿದರು. ದೊಡ್ಡಪ್ಪನ ಮಗ ಆಗಲೇ ಕೈ ಚಾಚಿದ್ದ.

ನಾನು ಸೆರಗು ಸಿಕ್ಕಿಸಿ ಮರ ಹತ್ತಿದೆ. ಮೇಲಿನ ನಾಲ್ಕೂ ಬದುಕಿದ್ದವು! ಕಟ್ಟಿನ ಜಾಗ ಗಟ್ಟಿಯಾಗಿ ಉಬ್ಬಿತ್ತು, ಉಗುರಿನಲ್ಲಿ ಕೆರೆದರೆ ಒಳಗೆ ಹಸಿರು. ಅದೇ ಕೈ, ಅದೇ ಚಾಕು, ಅದೇ ದಿನ, ಮೇಲಿನವು ಯಾಕೆ ಬದುಕಿದವು, ಕೆಳಗಿನವು ಯಾಕೆ ಸತ್ತವು? ಇಳಿದು ಬಂದು ಒಣಗಿದ ಒಂದು ಕುಡಿಕೆ ಬಿಚ್ಚಿ ನೋಡಿದೆ. ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಕಟ್ಟಿತ್ತು. ಮೂಗಿನ ಹತ್ತಿರ ತಂದರೆ ಗಂಜಲದ ಘಾಟು.

ಇದಕ್ಕೆ ದನದ ಗಂಜಲ ಹುಯ್ದವರು ಯಾರು ಎಂದು ಕೇಳಿದೆ. ಅಜ್ಜಿ ಮುಂದೆ ಬಂದಳು. ಅವಳ ಮುಖದಲ್ಲಿ ಅಳುಕಿರಲಿಲ್ಲ. ಮೈಲಿಗೆ ಹೋಗಲೆಂದು ತಾನೇ ಹನ್ನೊಂದು ದಿನ, ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಹುಯ್ದೆ ಎಂದಳು.

“ಮೇಲಿನವಕ್ಕೂ ಹುಯ್ಯೋಳೇ ಇದ್ದೆ. ಕೈ ಎಟುಕಲಿಲ್ಲ.”

ಅಂಗೈಯಗಲದ ಕುಡಿಕೆಯ ಸಸಿ ಅಷ್ಟು ಗಂಜಲ ಕುಡಿದು ಬದುಕುತ್ತದೆಯೇ? ಬೇರು ಬೆಂದುಹೋಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ನಾ ಮುಟ್ಟಿ ಬಿಟ್ಟವು ಬದುಕ್ಯಾವೆ ಅಜ್ಜಿ. ನೀವು ಶುದ್ಧ ಮಾಡಿದವು ಸತ್ತಾವೆ.”

ನಿನ್ನ ಮಗಳಿಗೆ ಬಾಯಿ ಮುಚ್ಚಲು ಹೇಳು ಎಂದು ಯಜಮಾನರು ಅಪ್ಪನಿಗೆ ಅಂದರು. ಅಪ್ಪ ಚಾಕು ಬಿಚ್ಚಿ, ನಡುಗುವ ಕೈಯಿಂದಲೇ ನನಗೆ ಕೊಟ್ಟು, ಹತ್ತಿ ಗಿಡ ಇಳಿಸು ಎಂದ. ದೊಡ್ಡಪ್ಪನ ಮಗ ಚಾಚಿದ್ದ ಕೈಯನ್ನು ಜೇಬಿಗೆ ಇಳಿಸಿದ. ನಾನು ಒಂದೊಂದೇ ಕೊಂಬೆ ಕತ್ತರಿಸಿ ನಾಲ್ಕು ಗಿಡಗಳನ್ನೂ ಇಳಿಸಿದೆ, ಯಜಮಾನರು ಮುಖ ಸಿಂಡರಿಸಿಕೊಂಡೇ ಮೂರನ್ನು ತೆಗೆದುಕೊಂಡರು.

ನಾಲ್ಕನೆಯದನ್ನು ಅಜ್ಜಿ ಎರಡೂ ಕೈಯಲ್ಲಿ ಇಸಿದುಕೊಂಡಳು. ಬೈಯುತ್ತಾಳೆಂದು ನಾನೂ ಸೆಟೆದು ನಿಂತೆ, ಒಂದಕ್ಕೆ ಎರಡು ಉತ್ತರ ಕೊಡಲು ತಯಾರಾಗಿ. ಅವಳು ಬೈಯಲಿಲ್ಲ. ಎಲೆ ಮುಟ್ಟಿ ನೋಡಿದಳು, ಕಸಿಯ ಗಂಟು ಸವರಿದಳು. ಆಮೇಲೆ ಮಗನಿಗೆ ಕೇಳದ ಹಾಗೆ, ನನ್ನ ಹತ್ತಿರ ಬಂದು ಮಾತಾಡಿದಳು.

“ಹನ್ನೆರಡು ವರ್ಷದ ಕೂಸಾಗಿ ಈ ಮನಿಗೆ ಬಂದೆ ಕಣೆ. ಪ್ರತಿ ತಿಂಗಳೂ ಮೂರು ದಿನ ದನದ ಕೊಟ್ಟಿಗೇಲಿ ಮಲಗಿದೀನಿ, ಈ ಮರದ ನೆರಳು ತುಳಿದ್ರೆ ಮರ ಸಾಯ್ತದೆ ಅಂತ. ತುಳಿದಿದ್ರೂ ಇದಕ್ಕೇನೂ ಆಗ್ತಿರಲಿಲ್ಲೇನೆ?”

ಅಷ್ಟು ಹೊತ್ತು ಹರಿಹಾಯ್ದಿದ್ದ ನಾನು ಚಾಕು ಮಡಚಿ ಸೊಂಟಕ್ಕೆ ಸಿಕ್ಕಿಸಿದೆ. ಇಲ್ಲಜ್ಜಿ, ಏನೂ ಆಗುತ್ತಿರಲಿಲ್ಲ ಎಂದೆ.