ಕೇವಡಾ ಹಾಕದ ಕ್ರೀಮು

ದಾಂಡೇಲಿಯ ಪೇಪರ್ ಮಿಲ್ಲಿನ ಹಿಂದಿನ ಓಣಿಯಲ್ಲಿ ದಿಲಶಾದಳ ಕ್ರೀಮಿಗೆ ಒಳ್ಳೆಯ ಹೆಸರಿತ್ತು. ತಲೆಗೆ ಹಚ್ಚುವ ಎಣ್ಣೆ, ಶಾಂಪೂಗಳನ್ನೂ ಅವಳು ಮಾಡುತ್ತಿದ್ದಳು. ಆದರೆ ಹಳಿಯಾಳ, ಮುಂಡಗೋಡದ ಹೆಂಗಸರು ಕೇಳಿ ತರಿಸಿಕೊಳ್ಳುತ್ತಿದ್ದುದು ಒಡೆದ ಹಿಮ್ಮಡಿಗೆ ಹಚ್ಚುವ ಆ ಬಿಳಿ ಕ್ರೀಮನ್ನೇ. ಅದಕ್ಕೆ ಬಗ್ಗದೆ ಉಳಿದದ್ದು ಒಂದೇ, ಅವಳ ಗಂಡ ಖಲೀಲನ ಕೈ. ದೀಪದ ಬುಡದಲ್ಲೇ ಕತ್ತಲೆ ಎಂದು ಓಣಿಯವರು ನಕ್ಕರೆ ದಿಲಶಾದ ನಗುತ್ತಿರಲಿಲ್ಲ.

ಖಲೀಲ ಲಾರಿ ಗ್ಯಾರೇಜಿನ ಮಿಸ್ತ್ರಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಅವನ ಕೈ ಬರೀ ಕೆಸರಾಗಿರಲಿಲ್ಲ, ಡೀಸೆಲ್ಲಿನಲ್ಲಿ ತೊಳೆದು ತೊಳೆದು ಗೆರೆ ಗೆರೆಯಾಗಿ ಸೀಳಿಹೋಗಿತ್ತು. ಚಳಿಗಾಲದಲ್ಲಿ ರೊಟ್ಟಿ ಮುರಿಯುವಾಗ ಸೀಳಿನಿಂದ ರಕ್ತ ಜಿನುಗುತ್ತಿತ್ತು. ಈ ಕೈಯನ್ನು ವಾಸಿ ಮಾಡಬೇಕೆಂಬುದೊಂದೇ ದಿಲಶಾದಳ ಹಟ. ಉಳಿದ ವ್ಯಾಪಾರವೆಲ್ಲ ಆ ಹಟದ ಬೆನ್ನಿಗೆ ಹುಟ್ಟಿಕೊಂಡದ್ದು.

ಮದುವೆಗೆ ಮುಂಚೆ ಅವಳು ಅನಮೋಡ ಘಟ್ಟ ದಾಟಿ ಗೋವಾದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಎಣ್ಣೆಗೂ ನೀರಿಗೂ ಹುಟ್ಟಾ ವೈರ, ಅವೆರಡರ ಕೈ ಹಿಡಿದು ಕೂಡಿಸುವ ಮೇಣವೊಂದು ನಡುವೆ ಬೇಕು ಎಂಬುದನ್ನು ಅವಳು ಕಲಿತದ್ದು ಅಲ್ಲಿ. ಇನ್ನೊಂದು ನಿಯಮವನ್ನೂ ಅಲ್ಲೇ ಕಲಿತಳು. ಕ್ರೀಮು ಕೆಟ್ಟರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ.

ಹಾಗೆಯೇ ಬದಲಿಸುತ್ತ ಹೋದಳು. ಕೊಬ್ಬರಿ ಎಣ್ಣೆ ಬಿಟ್ಟು ಕುಂಬಾರವಾಡದಿಂದ ಮುರುಗಲ ಹಣ್ಣಿನ ಬೀಜದಿಂದ ತೆಗೆದ ತುಪ್ಪ ತರಿಸಿದಳು. ಮೇಣ ಬದಲಾಯಿತು, ಬೂಸು ಹಿಡಿಯದಂತೆ ಹಾಕುವ ಔಷಧಿ ಬದಲಾಯಿತು, ಹುಳಿ ಅಳೆಯುವ ಕಾಗದ ಅದ್ದಿ ಅದ್ದಿ ಹುಳಿಯನ್ನೂ ಚರ್ಮಕ್ಕೆ ಒಗ್ಗುವಷ್ಟಕ್ಕೆ ತಂದಳು. ಪ್ರತಿ ಸಲವೂ ಬೆಳಿಗ್ಗೆ ಅವನನ್ನು ಎದುರಿಗೆ ಕೂರಿಸಿಕೊಂಡು ತಾನೇ ಬೆರಳ ಸಂದಿಗೆಲ್ಲ ತಿಕ್ಕಿ ಕಳಿಸುತ್ತಿದ್ದಳು. ಕೈ ಮಾತ್ರ ಹಾಗೇ ಇತ್ತು. ಡೀಸೆಲ್ ಕೈ, ಇದು ಹೀಗೇ ಎಂದು ಅವನು ತೇಲಿಸಿಬಿಡುತ್ತಿದ್ದ.

ಬದಲಿಸದೆ ಉಳಿದದ್ದು ಕೇದಗೆ ಹೂವಿನ ಕೇವಡಾ ಅತ್ತರು ಒಂದೇ. ಮೊದಲ ಸಲ ಹಚ್ಚಿದ ದಿನ ಖಲೀಲ ಕೈ ಮೂಸಿ, ವಾಸನೆ ಚೆನ್ನಾಗಿದೆ ಅಂದಿದ್ದ. ಹೊಗಳುವ ಗಂಡಸಲ್ಲ ಅವನು. ಅವಳ ಕೆಲಸದ ಬಗ್ಗೆ ಅವನ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ. ಅಂಥದ್ದನ್ನು ಯಾವ ಹೆಂಡತಿ ಬದಲಿಸುತ್ತಾಳೆ?

ಮಳೆಗಾಲ ಮುಗಿಯುವ ಹೊತ್ತಿಗೆ ಖಲೀಲ ಗ್ಯಾರೇಜಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವನ ಮಯ್ಯತ್ತು ಹೆಗಲಿಗೆ ಎತ್ತುವಾಗ ದಿಲಶಾದಳ ಕಣ್ಣಲ್ಲಿ ಒಂದು ಹನಿ ಇಲ್ಲ. ನಾದಿನಿ ಶೈಸ್ತಾ ಅವಳನ್ನು ಕಲ್ಲು ಅಂದಳು. ಅದೂ ಅವಳಿಗೆ ನಾಟಲಿಲ್ಲ. ಉಣ್ಣು ಅಂದರೆ ಉಣ್ಣುತ್ತಿದ್ದಳು. ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿರಲಿಲ್ಲ. ಇದ್ದತ್ತಿನ ದಿನಗಳು ಅವು. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವಂತಿಲ್ಲ, ಸುರ್ಮಾ, ಮೆಹಂದಿ, ಅತ್ತರು ಮುಟ್ಟುವಂತಿಲ್ಲ. ಮುಟ್ಟಬೇಕೆಂದು ಅವಳಿಗೆ ಅನ್ನಿಸುತ್ತಲೂ ಇರಲಿಲ್ಲ.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಮಾಲವ್ವ ಬಂದಳು. ಅವಳ ಗಂಡ ಯಲ್ಲಪ್ಪನೂ ಅದೇ ಗ್ಯಾರೇಜಿನವನು, ಖಲೀಲನ ಜೋಡಿ. ಈಗ ಅವನ ಕೈಯೂ ಸೀಳಿ ಬೋಲ್ಟು ಬಿಚ್ಚುವ ಪಾನಾ ಹಿಡಿಯಲು ಆಗುತ್ತಿಲ್ಲ, ವಾಸಿಯಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಮಾಲೀಕ ಹೇಳಿದ್ದಾನೆ, ಒಂದು ಡಬ್ಬಿ ಮಾಡಿಕೊಡು ಎಂದಳು.

"ಅವರ ಕೈಗೇ ಹತ್ತಲಿಲ್ಲ ಮಾಲವ್ವಾ. ನಿಮ್ಮವರಿಗೇನ್ ಹತ್ತತೈತಿ?" ಅಂದಳು ದಿಲಶಾದ.

ಮಾಲವ್ವ ಎದ್ದು ಹೋಗಲಿಲ್ಲ. ಅವಳನ್ನು ಎಬ್ಬಿಸಿ ಕಳಿಸುವುದಕ್ಕಿಂತ ಮಾಡಿಕೊಡುವುದೇ ಸುಲಭವೆಂದು ದಿಲಶಾದ ಒಲೆ ಹೊತ್ತಿಸಿದಳು. ಒಂದು ಪಾತ್ರೆಯಲ್ಲಿ ನೀರು, ಇನ್ನೊಂದರಲ್ಲಿ ತುಪ್ಪ, ಮೇಣ. ಎರಡೂ ಸಮ ಬಿಸಿಯಾದ ಮೇಲೆ ಸುರಿದು ಕಡೆದಳು. ಹಾಲಿನಂತೆ ಬೆಳ್ಳಗಾಗಿ ಗಟ್ಟಿಯಾಗುವುದನ್ನು ನೋಡುತ್ತ ಕೂತಳು. ಮೊದಲೆಲ್ಲ ಆ ಗಳಿಗೆ ಅವಳಿಗೆ ಖುಷಿ ಕೊಡುತ್ತಿತ್ತು. ಉಗುರು ಬೆಚ್ಚಗಾದಾಗ ಔಷಧಿ ಹಾಕಿದಳು. ರೂಢಿಯಂತೆ ಕೈ ಕೇವಡಾ ಬಾಟಲಿಯತ್ತ ಹೋಯಿತು. ಇದ್ದತ್ತು ನೆನಪಾಗಿ ಕೈ ಹಿಂದೆ ತೆಗೆದುಕೊಂಡಳು. ಹಾಗೇ ಡಬ್ಬಿಗೆ ತುಂಬಿ, ಈ ಸಲ ವಾಸನೆ ಇಲ್ಲ ಎಂದು ಹೇಳಿ ಕಳಿಸಿದಳು.

ಕೆಲವು ವಾರ ಕಳೆದು ಮಾಲವ್ವ ತೊಳೆದ ಖಾಲಿ ಡಬ್ಬಿ ಹಿಡಿದು ಬಂದಳು. ಯಲ್ಲಪ್ಪನ ಕೈಯ ಸೀಳು ಕೂಡಿಕೊಂಡಿತ್ತು, ಕೆಲಸಕ್ಕೂ ಹೋಗತೊಡಗಿದ್ದ. ದಿಲಶಾದ ನಂಬಲಿಲ್ಲ. ಅದೇ ತುಪ್ಪ, ಅದೇ ಮೇಣ, ಅದೇ ಡೀಸೆಲ್ಲು. ಬದಲಾದದ್ದು ಏನು ಎಂದು ಮನಸ್ಸು ಹಳೆಯ ರೂಢಿಯಂತೆ ಹುಡುಕತೊಡಗಿತು. ಹೆಚ್ಚು ಹುಡುಕುವ ಮೊದಲೇ ಮಾಲವ್ವ ಮಾತು ಮುಂದುವರಿಸಿದಳು.

"ಇದು ಉರಿಯಂಗಿಲ್ಲಂತ ನೋಡಕ್ಕಾ. ಮೊದಲಿಂದು, ಖಲೀಲ ಭಾಯಿ ಡಬ್ಬಿಯೊಳಗಿಂದು, ನಮ್ಮವ್ರು ಒಮ್ಮೆ ಹಚ್ಚಿಕೊಂಡಿದ್ರಂತ, ಸೀಳಿನಾಗ ಖಾರ ಇಟ್ಟಂಗಾತಂತ. ಭಾಯಿಗೂ ಹಂಗ ಆಗತಿತ್ತಲ್ಲ, ಗ್ಯಾರೇಜಿಗೆ ಬಂದ ಕೂಡ್ಲೇ ಸೋಪ್ ಹಚ್ಚಿ ತೊಳಕೊಂತಿದ್ರಂತ."

ದಿಲಶಾದ ಡಬ್ಬಿ ಕೆಳಗಿಟ್ಟಳು. "ದಿನಾನೂ?"

"ದಿನಾ. ಮನ್ಯಾಗ ಹೇಳಬಾರದಾ ಅಂತ ನಮ್ಮವ್ರು ಕೇಳಿದ್ರ, ಆ ವಾಸನಿ ಆಕಿಗೆ ಭಾಳ ಸೇರತೈತಿ, ಇರಲಿ ಬಿಡು ಅಂದಿದ್ರಂತ. ನಿಮಗ ಗೊತ್ತಿರತೈತಿ ಅಂದ್ಕೊಂಡಿದ್ದೆ."

ಮಾಲವ್ವ ಹೋದ ಮೇಲೆ ದಿಲಶಾದ ಒಲೆಯ ಮುಂದೆ ಕೂತಳು. ಹಿಮ್ಮಡಿಯ ಚರ್ಮ ದಪ್ಪ, ಅತ್ತರು ಅಲ್ಲಿ ಉರಿಯುವುದಿಲ್ಲ; ಹಸಿ ಸೀಳಿನ ಕೈಗೆ ಅದು ಉರಿಯೇ. ಇಷ್ಟು ಅವಳಿಗೆ ತಿಳಿಯದ ವಿದ್ಯೆಯಲ್ಲ. ಅಂದಿನಿಂದ ತೊಳೆಯದೆ ಬಿಟ್ಟಿದ್ದ ಪಾತ್ರೆಯ ತಳದಲ್ಲಿ ಉಳಿದಿದ್ದ ಕ್ರೀಮನ್ನು ಬೆರಳಲ್ಲಿ ತೆಗೆದು ತನ್ನ ಎಡಗೈಗೆ ಹಚ್ಚಿ, ಅವನಿಗೆ ತಿಕ್ಕುತ್ತಿದ್ದಂತೆಯೇ ಬೆರಳ ಸಂದಿಗೆಲ್ಲ ತಿಕ್ಕಿಕೊಂಡಳು. ಉರಿಯಲಿಲ್ಲ. ಆಗ ಅಳು ಬಂತು. ಅರ್ಧ ಅಳು, ಅರ್ಧ ಸಿಟ್ಟು. ಕೇವಡಾ ವಾಸನೆ ಅವಳಿಗೆ ಎಂದೂ ಅಷ್ಟಾಗಿ ಸೇರಿರಲಿಲ್ಲ. ಅವನು ಒಂದು ಮಾತು ಹೇಳಿದ್ದರೆ ಅವತ್ತೇ ಆ ಬಾಟಲಿಯನ್ನು ಮೋರಿಗೆ ಸುರಿದುಬಿಡುತ್ತಿದ್ದಳು.