ಗುಹೆಬಾಗಿಲ ರಾಕ್ಷಸನಿಗೆ ಗುಂಡು ಹಾರಿಸಿದ್ದು

ಅಪ್ಪನಿಗೆ ಲಕ್ವ ಹೊಡೆದ ವರ್ಷ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಗಾಡಿ ಅವನದು. ಅವನದು ಎಂದರೆ ಅವನದೇ. ರಜೆಯ ದಿನ ಬೇರೆ ಯಾರಾದರೂ ಓಡಿಸಿದರೆ ಮರುದಿನ ಸೀಟು, ಕನ್ನಡಿ ಸರಿಮಾಡಿಕೊಳ್ಳುತ್ತ ಅವರ ಮೂರು ತಲೆಮಾರಿಗೆ ಬೈಯುತ್ತಿದ್ದ. ಕಾಲು, ಮಾತು ಒಂದು ತಿಂಗಳಲ್ಲಿ ತಿರುಗಿ ಬಂದವು. ಬಲಗೈ ಮಾತ್ರ ಬರಲಿಲ್ಲ. ಮೊಣಕೈವರೆಗೆ ಜೀವ ಇತ್ತು, ಬೆರಳುಗಳಿಗೆ ಇರಲಿಲ್ಲ. ಚಿವುಟಿದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಕೆಲಸಕ್ಕೆ ಮರಳಲು ಸರ್ಕಾರಿ ಆಸ್ಪತ್ರೆಯ ಪರೀಕ್ಷೆ ಆಗಬೇಕಿತ್ತು. ಡಾಕ್ಟರು ಸರಿಯಾಗಿದ್ದಾನೆ ಎಂದು ಬರೆದರೆ ಮತ್ತೆ ಸ್ಟೇರಿಂಗ್. ಆಗದು ಎಂದು ಬರೆದರೆ ಬಸ್ಸು ಮುಗಿಯಿತು, ಡಿಪೋದಲ್ಲಿ ಕುಳಿತು ಮಾಡುವ ಏನಾದರೊಂದು ಕೆಲಸ. ಬೇಕಿದ್ದರೆ ಇನ್ನೂ ಆರು ತಿಂಗಳು ರಜೆ ಹಾಕಿ ಕಾಯಬಹುದಿತ್ತು. ಆದರೆ ಪರೀಕ್ಷೆ ಒಂದೇ ಸಲ, ಅಲ್ಲಿ ಬರೆದದ್ದೇ ಕೊನೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೇಸಿಗೆ ರಜೆಗೆ ಅವ್ವ ನಮ್ಮನ್ನು ಕಲಬುರಗಿಯ ಗಾಜಿಪುರದ ಮನೆಯಿಂದ ತನ್ನ ತವರಿಗೆ, ಕಮಲಾಪುರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಲಕ್ವ ಹೊಡೆದವರಿಗೆ ಎಣ್ಣೆ ತಿಕ್ಕುವ ಮುದುಕನೊಬ್ಬನಿದ್ದ. ಮಾಮನ ಮನೆ ದೊಡ್ಡ ರಸ್ತೆಯ ಮೇಲೇ ಇತ್ತು. ಬೆಳಿಗ್ಗೆ ಅಪ್ಪನ ಬಸ್ಸು ಬೇರೊಬ್ಬನ ಕೈಯಲ್ಲಿ ಹಾದುಹೋಗುವಾಗ ಅಪ್ಪ ಎಣ್ಣೆಗೈ ತೊಡೆಯ ಮೇಲಿಟ್ಟುಕೊಂಡು ಕಿವಿಗೊಟ್ಟು ಕೇಳುತ್ತಿದ್ದ.

"ಗೇರ್ ಹ್ಯಾಂಗ ಹಾಕಾಕತ್ತಾನ ನೋಡು, ಸುಡುಗಾಡ! ಗಾಡಿ ಅಳಾಕತ್ತದ."

ನನಗೆ ಆ ಡ್ರೈವರನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ಪಾಪ, ಅವನೇನು ಮಾಡಿದ್ದ?

ಮಾಮ ಕಲಬುರಗಿಯ ಜಗತ್ ಸರ್ಕಲ್ಲಿನ ಅಂಗಡಿಯಿಂದ ತನ್ನ ಮಕ್ಕಳಿಗೆಂದು ಟಿವಿಗೆ ಹಚ್ಚುವ ವಿಡಿಯೋ ಗೇಮ್ ತಂದಿದ್ದ. ಮಕ್ಕಳು ಅವರ ಅಜ್ಜಿಯ ಊರಿಗೆ ಹೋಗಿದ್ದರಿಂದ ಅದು ನನ್ನ ಪಾಲಿಗೆ ಬಂತು. ಹಳದಿ ಕ್ಯಾಸೆಟ್ಟುಗಳಲ್ಲಿ ಒಂದೇ ಆಟದ ಎರಡು ಭಾಗಗಳಿದ್ದವು. ಯಾವುದೋ ಗ್ರಹ, ಅದರ ಹೊಟ್ಟೆಯೊಳಗೆ ಗುಹೆಗಳು, ಕಬ್ಬಿಣದ ಅಂಗಿ ತೊಟ್ಟ ಒಬ್ಬ ಸಿಪಾಯಿ. ದೊಡ್ಡ ರಾಕ್ಷಸರಿರುವ ಗುಹೆಯ ಬಾಗಿಲಲ್ಲಿ ಕಲ್ಲಿನ ಮೂರ್ತಿ. ಒಳಗೆ ಯಾರಿದ್ದಾನೋ ಹೊರಗೆ ಅವನದೇ ಮೂರ್ತಿ. ಒಂದಕ್ಕೆ ಹಲ್ಲಿಯ ಮೋರೆ, ಗುಡಾಣದಂಥ ಹೊಟ್ಟೆ. ಇನ್ನೊಂದಕ್ಕೆ ರೆಕ್ಕೆ ಮತ್ತು ಚೂಪು ಕೊಕ್ಕು. ಎರಡನೇ ಭಾಗ ಹಚ್ಚಿದರೆ ಅಲ್ಲೂ ಇವರೇ, ಇನ್ನಷ್ಟು ದೊಡ್ಡದಾಗಿ. ಮೂರ್ತಿ ದಾರಿ ಬಿಡದೆ ಯಾರೂ ಒಳಗೆ ಹೋಗುವ ಹಾಗಿರಲಿಲ್ಲ.

ಅಪ್ಪ ಎರಡು ದಿನ ಸುಮ್ಮನೆ ನೋಡಿದ. ಮೂರನೇ ದಿನ, "ಕೊಡಿಲ್ಲಿ," ಅಂದ. ಆಟದ ಹಿಡಿಕೆಯ ಎಡಗಡೆ ದಿಕ್ಕು ತೋರಿಸುವ ಗುಂಡಿ, ಬಲಗಡೆ ಎರಡು ಕೆಂಪು ಗುಂಡಿ, ಒಂದು ಜಿಗಿಯಲು, ಒಂದು ಗುಂಡು ಹಾರಿಸಲು. ಅಪ್ಪನ ಎಡಗೈಯಲ್ಲಿ ಸಿಪಾಯಿ ಚೆನ್ನಾಗಿ ನಡೆದ. ಜಿಗಿಯುವವರು ಯಾರು? ನಾನು ಅವನ ಬಲಕ್ಕೆ ಅಂಟಿ ಕುಳಿತೆ. ಒಂದೇ ಹಿಡಿಕೆ, ಅವನ ಎಡಗೈ, ನನ್ನ ಬಲಗೈ. ಮೊದಮೊದಲು ಅವನು ನಡೆಸುವಾಗ ನಾನು ಜಿಗಿಸಿ, ನಾನು ಜಿಗಿಸುವಾಗ ಅವನು ನಿಲ್ಲಿಸಿ, ಸಿಪಾಯಿ ತಗ್ಗಿಗೆ ಬಿದ್ದು ಸತ್ತೇ ಸತ್ತ. "ಬ್ರೇಕ್ ಹಾಕೋ ಮುಂದ ಹೇಳಪ್ಪಾ!" ಅಂತ ನಾನು ಕಿರುಚುತ್ತಿದ್ದೆ. ಅವ್ವ ಒಲೆಯ ಮುಂದೆ ಕುಳಿತು ನಗುತ್ತಿದ್ದಳು. ಎಷ್ಟೋ ತಿಂಗಳ ನಂತರ ನಾನು ಕೇಳಿದ ಅವಳ ನಗು ಅದು. ಕರೆಂಟ್ ಹೋದರೆ ಆಟವೆಲ್ಲ ಮೊದಲಿನಿಂದ, ಮತ್ತು ಕರೆಂಟ್ ದಿನಾ ಹೋಗುತ್ತಿತ್ತು. ಆದರೂ ಒಂದು ವಾರದಲ್ಲಿ ಹಲ್ಲಿಮೋರೆಯ ಮೂರ್ತಿಯ ಮುಂದೆ ನಿಂತೆವು.

ಅಪ್ಪ ಸಿಪಾಯಿಯನ್ನು ನಿಲ್ಲಿಸಿ, ಹಿಡಿಕೆ ಬಿಟ್ಟು, ಎಡಗೈಯನ್ನು ಎದೆಗೆ ಮುಟ್ಟಿಸಿಕೊಂಡ. ಕಮಲಾಪುರದ ದಾರಿಯಲ್ಲಿ ತಿರುವಿನ ಹನುಮಪ್ಪನ ಕಟ್ಟೆ ಬಂದಾಗ ಗಾಡಿ ನಿಧಾನ ಮಾಡಿ ಹೀಗೇ ಮಾಡುತ್ತಿದ್ದ. ಎಲ್ಲ ಡ್ರೈವರುಗಳೂ ಮಾಡುತ್ತಾರೆ.

"ಅಪ್ಪಾ, ಅದು ರಾಕ್ಷಸ!"

"ಯಾರರ ಆಗ್ಲಿ. ಬಾಗಿಲ ಕಾಯಾಕತ್ತದಲ್ಲ?"

ಅದಕ್ಕೆ ಗುಂಡು ಹೊಡೆದರೇ ದಾರಿ ಬಿಡುವುದು ಎಂದು ಮಾಮನ ಮಕ್ಕಳು ಅಜ್ಜಿಯ ಊರಿಗೆ ಹೊರಡುವ ಮುಂಚೆಯೇ ನನಗೆ ಹೇಳಿದ್ದರು. ನಾನು ಹೇಳಿದೆ. ಅಪ್ಪನ ಮುಖ ಗಂಟಾಯಿತು. ಕಾಯುವವರಿಗೆ ಯಾರಾದರೂ ಹೊಡೆಯುತ್ತಾರೇನು ಎಂದು ನನಗೇ ಬೈದ. ನಾನೂ ಬಿಡಲಿಲ್ಲ, ಹಾಗಾದರೆ ಇಲ್ಲೇ ಕೂತಿರು ಅಂದೆ. ಇಬ್ಬರಿಗೂ ಒಂದೇ ಮೂಗು, ಒಂದೇ ಸಿಟ್ಟು. ಎರಡು ದಿನ ಮೂರ್ತಿಯ ಮುಂದೆ ಹೋಗಿ ಹೋಗಿ ನಿಂತು ಬಂದೆವು. ಕೊನೆಗೆ ಅವನೇ ಸೋತ.

"ಆಯ್ತು. ಆದ್ರ ನೀ ಹೊಡೀಬ್ಯಾಡ. ಹೆಣ್ಣುಹುಡುಗಿ ನೀ. ನಾನ ಹೊಡೀತೀನಿ, ತಪ್ಪಾದ್ರ ನನಗ ತಟ್ಲಿ."

ಎಡಗೈಯಿಂದ ಬಲಗೈಯನ್ನು ಎತ್ತಿ ತಂದು, ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲೆ ಇಟ್ಟುಕೊಂಡ. ಕಣ್ಣು ಟಿವಿಯ ಮೇಲೆ. ಒತ್ತಿದ. ಹೆಬ್ಬೆರಳು ಇಟ್ಟಲ್ಲೇ ಇತ್ತು. ಹಣೆಯ ನರ ಉಬ್ಬಿತು, ಬೆವರಿದ, ಹಲ್ಲು ಕಚ್ಚಿದ. ನಾನು ಹಿಡಿಕೆ ಅಲುಗದಂತೆ ಹಿಡಿದುಕೊಂಡು ಕುಳಿತಿದ್ದೆ. ಮರುದಿನ ಹಾಗೇ. ಅದರ ಮರುದಿನವೂ ಹಾಗೇ. ಸಿಪಾಯಿ ಪಿಳಿಪಿಳಿ ನೋಡುತ್ತ ನಿಂತಿರುತ್ತಿದ್ದ, ಮೂರ್ತಿ ಬಾಯಿ ತೆರೆದುಕೊಂಡಿರುತ್ತಿತ್ತು. ನೋಡುವುದು ಬಿಟ್ಟು ನನಗೇನೂ ಮಾಡಲು ಬರುತ್ತಿರಲಿಲ್ಲ.

ಐದನೇ ದಿನ ನನಗೆ ತಡೆಯಲಾಗಲಿಲ್ಲ. ಅವನ ಹೆಬ್ಬೆರಳಿನ ಪಕ್ಕದಲ್ಲಿ ಗುಂಡಿಯ ಅಂಚಿನಲ್ಲಿ ನನ್ನ ತೋರುಬೆರಳಿಗೆ ಸಾಕಾಗುವಷ್ಟು ಜಾಗವಿತ್ತು. ಒತ್ತಿಬಿಟ್ಟೆ.

ಗುಂಡು ಹಾರಿತು. ಮೂರ್ತಿಯ ಕಣ್ಣು ಮಿಂಚಿ, ನೆಲ ನಡುಗಿ, ದಾರಿ ತೆರೆಯಿತು.

"ಯವ್ವಾ! ನೋಡಿದಿ ಇಲ್ಲ? ಒತ್ತೇದ! ನನ್ನ ಬೆರಳು ಒತ್ತೇದ!"

ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಪ್ಪ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಾಯಿ ತೆರೆದೆ, ನಿಜ ಹೇಳೋಣ ಎಂದೇ ತೆರೆದೆ, ದೇವರಾಣೆಗೂ. ಅವ್ವ ಅವನ ಸತ್ತ ಬೆರಳುಗಳನ್ನು ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಮುಚ್ಚಿಕೊಂಡೆ.

ಮರುದಿನವೇ ಅಪ್ಪ ಪರೀಕ್ಷೆಗೆ ಹೆಸರು ಕೊಡುತ್ತೇನೆ ಎಂದು ಎದ್ದ. ಇನ್ನೊಂದು ತಿಂಗಳು ತಡಿರಿ ಎಂದು ಅವ್ವ ಅಂದಳು, ಮಾಮ ಅಂದ, ಎಲ್ಲರಿಗಿಂತ ಹೆಚ್ಚು ನಾನು ಅಂದೆ. ಗಂಟಲು ಹರಿಯುವ ಹಾಗೆ ಜಗಳ ತೆಗೆದೆ. ಅವನು ನಕ್ಕ. "ಒಮ್ಮೆ ದಾರಿ ಬಿಟ್ಟದ ಅಂದ್ರ ಹೋಗಬೇಕವ್ವ, ನಿಂದ್ರಬಾರದು."

ಪರೀಕ್ಷೆಯ ದಿನ ಕಲಬುರಗಿಯ ಸೇಡಂ ರಸ್ತೆಯ ಆ ಆಸ್ಪತ್ರೆಗೆ ನಾನೂ ಹೋದೆ. ಮನೆಯಲ್ಲಿರಲು ಆಗಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡಿದ್ದ, ಗುಂಡಿಗಳನ್ನು ಅವ್ವ ಹಾಕಿಕೊಟ್ಟಿದ್ದಳು. ಡಾಕ್ಟರು ವಯಸ್ಸಾದವರು, ಸಮಾಧಾನಿ. ಮೇಜಿನ ಮೇಲೆ ಅಪ್ಪನ ಬಲಗೈ ಇಡಿಸಿ, ತಮ್ಮ ಎರಡು ಬೆರಳು ಕೊಟ್ಟು, "ಒತ್ತ್ರಿ," ಅಂದರು.

ಅಪ್ಪ ಒತ್ತಿದ. ಅದೇ ಹಣೆ, ಅದೇ ಬೆವರು.

"ಇನ್ನೊಮ್ಮೆ ಒತ್ತ್ರಿ. ಅವಸರ ಇಲ್ಲ."

ಮೂರು ಸಲ ಆಯಿತು. ಡಾಕ್ಟರು ಪೆನ್ನು ಎತ್ತಿಕೊಂಡರು.

"ತಡೀರಿ ಸಾಹೇಬ್ರ," ಅಪ್ಪನ ದನಿ ಏರಿತು. "ಮನ್ಯಾಗ ಒತ್ತೀನ್ರಿ. ಸುಳ್ಳಲ್ಲ. ನನ್ನ ಮಗಳು ಬಾಜೂನ ಕುಂತಿದ್ಳು, ಕಣ್ಣಾರೆ ನೋಡ್ಯಾಳ. ಆಕಿಗಿ ಕೇಳ್ರಿ."

ಡಾಕ್ಟರು ನನ್ನತ್ತ ತಿರುಗಿದರು. "ಹೌದೇನವ್ವ? ನೀ ನೋಡಿದ್ಯೇನು?"

ಹೌದು ಎಂದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ಕೈ ಅಲ್ಲೇ ಮೇಜಿನ ಮೇಲಿತ್ತು. ಇಲ್ಲ ಎಂದರೆ ಒತ್ತಿದ್ದು ನಾನು ಎಂದೂ ಹೇಳಬೇಕಿತ್ತು. ನನ್ನ ಬಲಗೈಯನ್ನು ದಾವಣಿಯೊಳಗೆ ಸೇರಿಸಿಕೊಂಡು ನಿಂತೆ. ಅಪ್ಪ ನನ್ನ ಮುಖ ನೋಡಿದ. ಆಮೇಲೆ ದಾವಣಿಯೊಳಗೆ ಅಡಗಿದ ಕೈ ನೋಡಿದ. ನೋಡುತ್ತಲೇ ಇದ್ದ.

ಎಡಗೈಯಿಂದ ಬಲಗೈಯನ್ನು ಮೇಜಿನ ಮೇಲಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಡಾಕ್ಟರ ಕಡೆ ತಿರುಗಿದ.

"ಸಣ್ಣಾಕಿ ಅದಾಳ್ರಿ, ಆಕಿಗಿ ಏನೂ ಕೇಳಬ್ಯಾಡ್ರಿ," ಅಂದ. "ನೀವು ಬರೀರಿ ಸಾಹೇಬ್ರ."