ಖಾಲಿ ತೊಟ್ಟಿಲು

ಶಿರಗುಪ್ಪಿಯ ಗುಡ್ಡವ್ವ ಅಂಗಡಿಯವನು ತೂಗಿಕೊಟ್ಟ ಬೆಲ್ಲವನ್ನೂ ಮನೆಯಲ್ಲಿ ಮತ್ತೆ ತೂಗಿ ನೋಡುವವಳು. ೧೯೬೧ರಲ್ಲಿ ಬೀಗರು-ಬಿಜ್ಜರೆಲ್ಲ ಕೂಡಿ ಅವಳನ್ನು ಮೊದಲ ಸಲ ಹುಬ್ಬಳ್ಳಿಯ ವಸ್ತುಪ್ರದರ್ಶನಕ್ಕೆ ಎಳೆದೊಯ್ದರು. ಮುಗಿಲೆತ್ತರ ತಿರುಗುವ ತೊಟ್ಟಿಲುಗಳನ್ನು ಕಂಡು, "ಕಬ್ಬಿಣ ಗಟ್ಟಿ ಇದ್ದೀತು. ಬಿಗದಾಂವ ಎಂಥಾಂವೋ ಯಾರಿಗ್ಗೊತ್ತು" ಎಂದು ದೂರವೇ ನಿಂತಳು.

ಎಲ್ಲರೂ ಹತ್ತಿ ಕುಳಿತರು. ಸೊಸೆ ದುರಗವ್ವ ಮಾತ್ರ ಹತ್ತಲಿಲ್ಲ. ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಗುಡ್ಡವ್ವನಿಗೆ ಸಂಶಯ ಬಂತು.

ಒಂದು ತೊಟ್ಟಿಲು ಖಾಲಿ ಉಳಿದಿತ್ತು.

"ಅತ್ತಿ, ಖಾಲಿ ತೊಟ್ಟಿಲಾ ತೂಗಬಾರದ್ರಿ. ಕೂಸಿಗೆ ಛಲೋ ಅಲ್ಲ," ಎಂದಳು ದುರಗವ್ವ ಸಣ್ಣ ದನಿಯಲ್ಲಿ.

"ಯಾರ ಕೂಸಿಗೆ?"

ಸೊಸೆ ತಲೆ ತಗ್ಗಿಸಿದಳು.

ಗುಡ್ಡವ್ವ ಚಕ್ರ ತಿರುಗಿಸುವವನನ್ನು ತಡೆದಳು. ತೊಟ್ಟಿಲಿನ ಒಂದೊಂದು ಬೋಲ್ಟನ್ನೂ ಅಲುಗಿಸಿ ನೋಡಿ, ಸೆರಗು ಬಿಗಿದು ಒಳಗೆ ಕುಳಿತಳು.

"ಹೂಂ, ಈಗ ತೂಗಪಾ."